ಪೂಜಾಕ್ಕಿಟ್ಟ ಪಾನಾ

ಬಂದ್ ಮಾಡಬ್ಯಾಡ್ರಿ ಮೇಡಮ್ಮರ, ಹಂಗ ಆಡಲಿ ಬಿಡ್ರಿ. ಆಕ್ಸಿಲೇಟರ್ ಮ್ಯಾಲಿನ ಕಾಲ ತಗೀರಿ... ಹಾಂ. ಈಗ ಸುಮ್ಮನ ಕೇಳೂಣು... ಕೇಳಿಸ್ತಿಲ್ಲೋ? ಟುಕು ಟುಕು ಟುಕು, ನಡಕ ಒಂದ ಹೆಜ್ಜಿ ತಪ್ಪತೈತಿ. ಕುಂಟೆತ್ತು ನಡದಂಗ. ಇದಕ್ಕ ಮಿಸ್ಸಿಂಗ್ ಅಂತೀವ್ರಿ. ಇಂಜಿನ್ನಿಗಿ ಎಣ್ಣಿ ಪೂರ್ತಿ ಮುಟ್ಟವಲ್ತು. ಈಗ ನೋಡ್ರಿ, ಬಂದ್ ಬೀಳತೈತಿ. ಒಂದ... ಎರಡ... ಆತು. ಸತ್ತ ಹೋತು. ನಾ ಹೇಳಿದ್ನಿಲ್ಲೋ.

ಇಳೀರಿ ಕೆಳಗ. ಈ ಸ್ಟೂಲ್ ಮ್ಯಾಲ ಕುಂದರ್ರಿ. ಖರೇ ಹೇಳಬೇಕಂದ್ರ ಇವತ್ತ ಗ್ಯಾರೇಜ್ ಬಂದ್ ಐತ್ರಿ. ಖಂಡೆಪೂಜಾ ಅಲ್ಲಾ. ಅಲ್ಲೆ ನೋಡ್ರಿ ಹಲಗಿ ಮ್ಯಾಲ, ಬೋಲ್ಟ್ ಬಿಚ್ಚೂ ಪಾನಾ, ಇಕ್ಕಳ, ಸುತಗಿ, ಜಾಕು, ಎಲ್ಲಾ ತೊಳದು ಇಬತ್ತಿ ಹಚ್ಚಿ ಸಾಲಾಗಿ ಕುಂದ್ರಿಸೇನಿ. ಮುಂಜಾನೆ ಪೂಜಾ ಆತು. ಇನ್ನ ನಾಳೆ ಬನ್ನಿ ಮುಡಿಯೂತನಾ ಅವನ್ನ ಮುಟ್ಟಂಗಿಲ್ಲ. ನಮ್ಮಪ್ಪನ ಕಾಲದಿಂದ ಬಂದ ರೂಢಿ. ವರ್ಷಾನಗಟ್ಲೆ ದುಡದ ಹತಾರಕ್ಕ ಒಂದ ದಿನರ ರಜಾ ಬ್ಯಾಡೇನ್ರಿ?

ಆದ್ರ ನೀವು ಬಾಗಲದಾಗ ಬಂದ ನಿಂತ್ರಿ. ಹೆಣ್ಮಗಳು, ಒಬ್ಬಾಕಿ, ಗಾಡಿ ನೋಡಿದ್ರ ಬಂದ್ ಬೀಳಾಕತ್ತೈತಿ. ಹೋಗ್ರಿ ಅನ್ನಾಕ ಬಾಯಿ ಬರಲಿಲ್ಲ. ಕೈ ಹಚ್ಚಂಗಿಲ್ಲ, ಆದ್ರ ಕಿವಿ ಹಚ್ಚಬಹುದಲ್ಲಾ. ಯಾಕ ನಗತೀರಿ? ಚಾಷ್ಟಿ ಅಲ್ರಿ. ಕಾಡಪ್ಪ ಮಿಸ್ತ್ರಿ ಅರ್ಧಾ ರೋಗ ಕಿವೀಲೇ ಹಿಡೀತಾನ ಅಂತ ಈ ಬೈಲಹೊಂಗಲದಾಗ ಯಾರನ್ನ ಬೇಕಾದ್ರೂ ಕೇಳ್ರಿ. ಕಿತ್ತೂರಿಂದ, ಸವದತ್ತಿಯಿಂದ, ಅತ್ಲಾಕಡೆ ರಾಮದುರ್ಗದಿಂದ ಗಾಡಿ ಬರತಾವು ನನ್ನ ಕಡೆ.

ಅದೇನ ಓದಾಕತ್ತೀರಿ ಗೋಡಿ ಮ್ಯಾಲ? ಅದಾ? ಅದ ಕೋರ್ಟಿನ ಕಾಗದ. ಸೋಮವಾರ ರಾಮದುರ್ಗಕ್ಕ ಹೋಗಬೇಕು, ಯಾವದೋ ಹಳೇ ಕೇಸು, ಸಾಕ್ಷಿ ಹೇಳಾಕ. ಮರತಗಿರತೇನಂತ ನಮ್ಮಾಕಿ ಮೊಳಿಗಿ ಸಿಗಿಸ್ಯಾಳ. ಬಿಡ್ರಿ ಅದನ್ನ. ನಿಮ್ಮ ಗಾಡಿ ಸುದ್ದಿ ಹೇಳ್ರಿ.

ಯಾವಾಗ ಬಂದ್ ಬೀಳತೈತಿ? ...ಹೋಗತಾ ಹೋಗತಾ. ಏರು ಇಳಕಲು ಅಂತಿಲ್ಲ. ಹಾಂ. ಮೊದಲ ಮಿಸ್ಸಿಂಗ್ ಹೊಡೀತೈತಿ, ಆಮ್ಯಾಲ ಸಾಯತೈತಿ. ಆಗ ಕೀಲಿ ತಿರುವಿದ್ರ ಚಾಲೂ ಆಗೂದಿಲ್ಲ. ಹೌದಿಲ್ಲೋ? ಹತ್ತು ಮಿನಿಟ್ ಬಿಟ್ಟ ತಿರುವಿದ್ರ? ...ತಾನ ಚಾಲೂ. ಏನೂ ಆಗೇ ಇಲ್ಲ ಅನ್ನೂವಂಗ. ತಡೀರಿ, ಇನ್ನೊಂದ ನಾನ ಹೇಳತೇನಿ, ಬರೋಬ್ಬರಿ ಐತೋ ಇಲ್ಲೋ ನೋಡ್ರಿ. ಟಾಕಿ ತುಂಬ ಡೀಸೆಲ್ ಹಾಕಿಸಿದ್ರ ಎರಡ ದಿನ ಗಾಡಿ ಶಾಣ್ಯಾ ಇರತೈತಿ. ಅರ್ಧಾ ಟಾಕಿಗಿ ಇಳೀತಂದ್ರ ಮತ್ತ ಅದ ರಗಳಿ. ಹೌದಲ್ಲಾ? ನೋಡ್ರಿ ಮತ್ತ.

ಮೇಡಮ್ಮರ, ಪಂಪ್ ಕೆಟ್ಟಿದ್ರ ಹತ್ತು ಮಿನಿಟಿಗಿ ಆರಾಮ ಆಗೂದಿಲ್ಲ. ನೋಝಲ್ ಕೆಟ್ಟಿದ್ರೂ ಆಗೂದಿಲ್ಲ. ಪೈಪಿನ್ಯಾಗ ಗಾಳಿ ಹೊಕ್ಕಿದ್ರ ಕೈಲೆ ಪಂಪ್ ಹೊಡದು ತಗೀಬೇಕು, ತಾನ ಹೋಗೂದಿಲ್ಲ. ಹತ್ತು ಮಿನಿಟ್ ಬಿಟ್ಟ ತಾನ ಚಾಲೂ ಆಗತೈತಿ ಅಂದ್ರ ಅದಕ್ಕ ಒಂದ ಅರ್ಥ. ಟಾಕಿ ಒಳಗ ಏನೋ ಬಿದ್ದೈತಿ. ಬಾವ್ಯಾಗಿನ ಪಂಪಿನ ಬಾಯಿಗಿ ಪ್ಲಾಸ್ಟಿಕ್ ಚೀಲ ಹತ್ತತೈತಲ್ಲಾ, ಹಂಗ. ಇಂಜಿನ್ ಡೀಸೆಲ್ ಎಳದಂಗೆಲ್ಲಾ ಅದು ಬಂದ ಪೈಪಿನ ಬಾಯಿಗಿ ಅಡ್ಡ ಕುಂದರತೈತಿ. ಎಣ್ಣಿ ನಿಂತು ಇಂಜಿನ್ ಸಾಯತೈತಿ. ಸತ್ತ ಮ್ಯಾಲ ಎಳೆಯಾವ್ರ್ಯಾರು? ಅದು ಮೆಲ್ಲಕ ಜಾರಿ ತಳಕ್ಕ ಹೋಗತೈತಿ. ನೀವು ಕೀಲಿ ತಿರುವಿದ್ರಿ, ಚಾಲೂ. ನೋಡಾಕ ಬಂದಾವ್ರು ಇದರಾಗ ಏನೂ ಖೋಟ್ ಇಲ್ಲಲ್ಲಾ ಅಂತಾರ.

ಇದಕ್ಕ ವಿದ್ಯಾ ಬೇಕಾಗಿಲ್ರಿ. ಹತ್ತು ಮಿನಿಟ್ ಅಂದಕೂಡ್ಲೆ ಯಾವ ಮಿಸ್ತ್ರಿಗಾದ್ರೂ ತಿಳೀಬೇಕು. ತಿಳೀಲಿಲ್ಲಾ ಅಂದ್ರ ಅವ ಪಾನಾ ಬಿಟ್ಟ ಎಮ್ಮಿ ಕಾಯಾಕ ಹೋಗಬೇಕು.

ಯಾಕ ಹಂಗ ನೋಡತೀರಿ? ನಾ ಜಂಬ ಕೊಚಗೊಳ್ಳಾಕತ್ತಿಲ್ರಿ. ಇದ್ದದ್ದ ಹೇಳಿದ್ನಿ.

ಬಣ್ಣ ಹೊಸಾದ ಹೊಡಿಸ್ಯಾರ ಬಿಡ್ರಿ. ನೀಲಿ. ಬುಡಕ ಹಳೇದು ಬಿಳಿ ಇದ್ದಂಗ ಐತಿ, ಮೂಲ್ಯಾಗ ಕಾಣತೈತಿ. ಕಿತ್ತೂರಾಗ ಹೈವೇ ಮ್ಯಾಲ ಸೆಕೆಂಡ್ ಹ್ಯಾಂಡ್ ಗಾಡಿ ಮಾರತಾರಲ್ಲಾ, ಅವ್ರ ಕಡೆ ತಗೊಂಡ್ರ್ಯಾ? ...ಎರಡ ತಿಂಗಳಾತಾ. ಗಟ್ಟಿ ಜೀಪು. ಫೋರ್ ವ್ಹೀಲ್ ಹಾಕಿದ್ರ ಎರಿ ಹೊಲದಾಗಿಂದನೂ ಎದ್ದ ಬರತೈತಿ. ಟಾಕಿ ಇದರಾಗ ಡ್ರೈವರ್ ಸೀಟಿನ ಬುಡಕ ಬರತೈತಿ, ಇಲ್ಲೆ ಹೊರಗ ಬಾಯಿ. ಈ ಮುಚ್ಚಳಾ ತಗದು ಒಳಗ...

ಈ ಮುಚ್ಚಳಾ...

ಏನಿಲ್ರಿ. ಏನಿಲ್ಲ. ಸೆಕಿಗಿ ಜರಾ ಕಣ್ಣ ಕತ್ಲ ಬಂದಂಗಾತು. ಮುಂಜಾನಿಂದ ಉಪಾಸ ಐತಲ್ಲಾ.

ಮುಚ್ಚಳಾ ಟ್ರ್ಯಾಕ್ಟರಿಂದು. ಯಾರೋ ಸೈಕಲ್ ಚೈನಿನ ತುಂಡ ಹಾಕಿ ಕೂಡ್ಸ್ಯಾರ, ಕಳೀಬಾರದಂತ. ...ಯಾರ ಹಾಕಿದ್ರೋ ನನಗೇನ ಗೊತ್ರಿ. ಊರ ತುಂಬ ಮಿಸ್ತ್ರಿಗೋಳ ಅದಾರ.

ಹಾಂ, ಎಲ್ಲಿದ್ವಿ? ನೋಝಲ್. ಇದ ನೋಝಲಿಂದ ಕೆಲಸಾ. ಪಂಪೂ ಇರಬಹುದು. ಅದನ್ನ ಹುಬ್ಬಳ್ಳಿಗಿ ಕಳಿಸಿ ಮಶೀನ್ ಮ್ಯಾಲ ಕೂಡ್ಸಿ ನೋಡಬೇಕಾಗತೈತಿ. ...ಟಾಕಿ? ಟಾಕಿ ಅಂದ್ನೇನು? ಇಲ್ರಿ, ಟಾಕಿನೂ ಇರಬಹುದು ಅಂದ್ನಿ. ಮಿಸ್ತ್ರಿ ಅಂದಮ್ಯಾಲ ಹತ್ತ ಹೇಳತಾನ, ಒಂದ ಖರೇ ಆಗತೈತಿ. ಟಾಕಿ ಇಳಸಬೇಕಂದ್ರ ಅರ್ಧಾ ದಿನದ ಕೆಲಸ. ಅದೂ ಇವತ್ತ ಹತಾರ ಪೂಜಾಕ್ಕ ಕುಂತಾವು. ಹಬ್ಬಾ ಮುಗೀಲಿ, ಮಂಗಳವಾರ ಬರ್ರಿ. ಸೋಮವಾರ ನಾ ಇರೂದಿಲ್ಲ.

ಅಕ್ಕಾರ, ಒಂದ ಮಾತ ಹೇಳಲೇನು, ಸಿಟ್ಟ ಮಾಡಿಕೋಬ್ಯಾಡ್ರಿ. ಈ ಗಾಡಿ ಇಟಗೋಬ್ಯಾಡ್ರಿ. ಗುಜರಿಗಿ ಹಾಕಿ ಬಿಡ್ರಿ. ಮಾರಿದಾವ್ರು ನಿಮಗ ಹೇಳಿಲ್ಲ ಕಾಣತೈತಿ. ಇದು ಹೆಣ್ಮಗಳೊಬ್ಬಾಕಿನ್ನ ನುಂಗಿದ ಗಾಡಿ.

ಹೌದ್ರಿ. ಮುಚ್ಚಳಾ ನೋಡಿ ಗುರ್ತ ಹತ್ತಿತು. ರಾಮದುರ್ಗದ ಕಡೆ ಗೌರೀಶಗೌಡ್ರಂತ ಅದಾರ, ಅವ್ರ ಜೀಪು. ಪರಪ್ಪ ಅಂತ ಡ್ರೈವರ್ ಇದ್ದ. ಎರಡ ವರ್ಷದ ಹಿಂದ ಶ್ರಾವಣದಾಗ, ಹೊಲಕ್ಕ ಕಳೆ ತಗಿಯಾಕ ಹೋದ ಹೆಣ್ಮಕ್ಕಳನ್ನ ಸಂಜೀಕ ಊರಿಗಿ ಬಿಡಾಕ ಹೊಂಟಿದ್ದ. ಏಳ ಮಂದಿ. ಮ್ಯಾಲ ಎಲ್ಲೋ ಮಳಿ ಆಗಿ ಹಳ್ಳ ತುಂಬಿತ್ತು. ಆ ಹಳ್ಳಾ ದಾಟಾಕ ಗಿಡ್ಡ ಪೂಲ, ಅದರ ಮ್ಯಾಲ ಗೇಣುದ್ದ ನೀರು. ಇಂಥಾ ಗಾಡಿಗಿ ಗೇಣ ನೀರ ಯಾವ ಲೆಕ್ಕ? ಇಳಿಸಿದ. ನಟ್ಟ ನಡಕ ಹೋಗಿ ಗಾಡಿ ನಿಂತ ಬಿಡ್ತು. ಗೇಣಿದ್ದದ್ದು ಮೊಣಕಾಲಿಗಿ ಬಂತು. ಅವ ಒಬ್ಬೊಬ್ಬಾಕಿನ್ನ ಕೈ ಹಿಡದ ದಂಡಿಗಿ ದಾಟಿಸಿದ. ಕಡೀಕ ಉಳದಾಕಿ ಅವನ ಹೇಣ್ತಿ, ಲಗಮವ್ವ. ನನ್ನ ಗಂಡಂದ ಗಾಡಿ, ಮೊದಲ ನೀವ ಹೋಗ್ರಿ ಅಂತ ಕುಂತಿದ್ಳಂತ. ಅವ ತಿರುಗಿ ಬರೂದ್ರಾಗ ಇಳ್ಯಾಕ ಕಾಲ ಇಟ್ಟಾಳ. ಸೆಳವು ಎಳಕೊಂಡ ಹೋತು.

ಆಮ್ಯಾಲೇನಾತು ಗೊತ್ತೇನ್ರಿ? ಅವ ಹುಚ್ಚರಂಗ ಚೀರಾಡಿ, ಬಂದ ಗಾಡ್ಯಾಗ ಕುಂತು ಕೀಲಿ ತಿರುವಿದ. ಚಾಲೂ ಆತು. ದಂಡಿಗಿ ತಂದ ನಿಲ್ಲಿಸಿದ. ಮಂದಿ ನೋಡಿದ್ರು. ಚಾಲೂ ಆಗೂ ಗಾಡಿ ನೀರಾಗ ಯಾಕ ನಿಲ್ಲಿಸಿದಿ ಅಂತ ಕೇಳಿದ್ರ ಏನ ಹೇಳಬೇಕ ಅವ? ಕುಡದಿದ್ದ ಅಂದ್ರು.

ಯಾಕ ಎದ್ರಿ? ಕುಂದರ್ರಿ. ...ನಾ ನೋಡೇನೇನು? ಇಲ್ರಿ, ನಾ ಹೆಂಗ ನೋಡಲಿ. ಮಂದಿ ಅಂತಾರ. ಅವಂದ ಒಂದ ಮಾತಿತ್ತು. ಪೊಲೀಸರ ಮುಂದನೂ ಅದ, ಗೌಡ್ರ ಮುಂದನೂ ಅದ. ಗಾಡಿ ತಾನ ಬಂದ್ ಬಿತ್ರಿ, ಹತ್ತು ಮಿನಿಟ್ ಬಿಟ್ಟ ತಾನ ಚಾಲೂ...

...

 

ನನಗೂ ಕೇಳಿಸ್ತು. ಈಗ ನಾ ನಿಮಗ ಬಡಬಡ ಹೇಳಿದ್ದೂ ಅದ, ಅವ ಅಂದಿದ್ದೂ ಅದ. ಆದ್ರ ಆವಾಗ ಪರಿಸ್ಥಿತಿ ಬ್ಯಾರೆ ಇತ್ರಿ. ಪಂಚನಾಮಾ ಮಾಡಬೇಕು, ಮಿಸ್ತ್ರಿ ಬೇಕು ಅಂತ ಪೊಲೀಸರು ನನ್ನ ಕರಕೊಂಡ ಹೋದ್ರು. ಎಲ್ಲಾರ ಮುಂದ ಕೀಲಿ ತಿರುವಿದ್ನಿ. ಅರ್ಧಾ ತಿರುವೂದ್ರಾಗ ಚಾಲೂ ಆತು. ಹತ್ತ ಸಲ ಬಂದ್ ಮಾಡಿ ಹತ್ತ ಸಲ ಚಾಲೂ ಮಾಡಿದ್ನಿ. ಗಾಡ್ಯಾಗ ದೋಷ ಇಲ್ಲ ಅಂತ ಬರದ್ರು, ಸಹಿ ಮಾಡಿದ್ನಿ. ಸುಳ್ಳ ಎಲ್ಲೈತಿ ಇದರಾಗ? ಅವ ಕುಡೀತಾನೇನು ಅಂತ ಕೇಳಿದ್ರು. ಯಾರ ಕುಡಿಯೂದಿಲ್ರಿ ಸಾಹೇಬ್ರ, ಅಂದ್ನಿ. ಅಷ್ಟ ಅಂದಿದ್ದು. ಕುಡದಿದ್ದ ಅನ್ನಲಿಲ್ಲ. ಆಮ್ಯಾಲ ಅದು ಊರ ತುಂಬ ಹೆಂಗ ಹಬ್ಬಿತೋ.

ಟಾಕಿ ತಗಸಲಿಲ್ಲ, ಖರೆ. ಯಾರೂ ತಗಿ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಪರಪ್ಪ ದೂರ ಗಿಡದ ಬುಡಕ ಕುಂತ ನನ್ನ ಕಡೆನ ನೋಡತಿದ್ದ. ಮಿಸ್ತ್ರಿ, ನಿನಗ ಗೊತ್ತೈತಲ್ಲೋ, ಎರಡ ಸಲ ನಿನ್ನ ಕಡೆ ತಂದಿದ್ನಲ್ಲೋ ಅಂದ. ಕೂಲಿ ಡ್ರೈವರ್, ಅವನ ಮಾತ ಯಾರ ಕೇಳಾವ್ರು? ನನ್ನ ಮಾತಿಗಿ ತೂಕಿತ್ತು.

ನೀವು ಯಾರ್ರಿ?

ಇಲ್ಲ, ಹೇಳ್ರಿ. ಇಷ್ಟೊತ್ತ ಕೇಳೇ ಇಲ್ಲ ನಾನು. ಯಾವೂರವ್ರು? ಗಾಡಿ ಕಾಗದರ ತೋರಸ್ರಿ, ಯಾರ ಹೆಸರೀಲೆ ಐತಿ ನೋಡತೇನಿ. ...ಕೊಡ್ರಿ ಇಲ್ಲೆ. ಚಸ್ಮಾ ಎಲ್ಲಿಟ್ನೋ... ಮಾಲಕರು, ಸಂಘಮಿತ್ರಾ. ತಂದಿ ಹೆಸರು...

ಪರಪ್ಪ.

ಕುಂದರವಾ. ...ಬ್ಯಾಡಾದ್ರ ಬಿಡು, ನಿಂತಿರು. ನಾ ಕುಂದರತೇನಿ.

ಅಪ್ಪ ಹೆಂಗದಾನ? ...ಗಾಡಿ ಹತ್ತೂದ ಬಿಟ್ಟಾನ. ಮಾತೂ? ...ಮಾತೂ ಬಿಟ್ಟಾನ. ಮನಿಯವ್ರ ಜೋಡೀನೂ? ನೀನರ ಮಾತಾಡ್ಸಬೇಕಲ್ಲವಾ ಅವನ್ನ. ನೀನರ ಅವನ ಮಾತ ನಂಬಿದ್ದಿಲ್ಲೋ? ...ಯಾಕ ಕೆಳಗ ನೋಡತೀ. ತಂಗಿ. ನೀನೂ ನಂಬಲಿಲ್ಲೇನು?

ಅಳಬ್ಯಾಡ. ಅಳಬ್ಯಾಡವಾ, ನಿನ್ನ ತಪ್ಪಲ್ಲ. ...ಏನು? ನಮ್ಮವ್ವನ್ನ ಕುಡದ ಕೊಂದಿ ಅಂತ ಅಪ್ಪಗ ಅಂದಿ? ಎರಡ ವರ್ಷ ಅವನ ಮಾರಿ ನೋಡಲಿಲ್ಲ? ಹಂಗಾದ್ರ ಈ ಗಾಡಿ ಯಾಕ ತಗೊಂಡಿ? ...ನೋಡಾಕ. ಬಂದ್ ಬೀಳತೈತೋ ಇಲ್ಲೋ ನೋಡಾಕ.

ಬಿತ್ತು.

ಎಲ್ಲೆ ಬಿತ್ತು ಮೊದಲ ಸಲ? ...ಸಂಗೊಳ್ಳಿ ಹಾದ್ಯಾಗ. ಹತ್ತು ಮಿನಿಟ್ ಸ್ಟೇರಿಂಗ್ ಹಿಡಕೊಂಡ ಕುಂತಿದ್ದಿ. ಆಮ್ಯಾಲ ತಿರುವಿದಿ. ಯಪ್ಪಾ ಶಿವನ.

ಹತಾರ ಮುಟ್ಟಂಗಿಲ್ಲ ತಂಗಿ. ನಾ ನೆಪಾ ಹೇಳಾಕತ್ತಿಲ್ಲ. ...ಸರಿ, ನೆಪಾನ. ಮೂರ ವರ್ಷದ ಹಿಂದನೂ ಇದ ದಿನ, ಇದ ಹೊತ್ತು. ನಿಮ್ಮಪ್ಪ ಇಲ್ಲೆ, ನೀ ನಿಂತಲ್ಲೇ ಬಂದ ನಿಂತಿದ್ದ. ಟಾಕಿ ಮುಚ್ಚಳಾ ಹಾದ್ಯಾಗ ಬಿದ್ದ ಕಳದೈತಿ, ಧೂಳಾ ಹೋಗತೈತಿ, ಏನರ ಮಾಡೋ ಮಿಸ್ತ್ರಿ ಅಂದ. ಹತಾರ ಪೂಜಾಕ್ಕ ಕುಂತಾವು, ಇವತ್ತ ಪಾನಾ ಹಿಡಿಯೂದಿಲ್ಲ ಅಂದ್ನಿ. ಬಟ್ಟಿ ತುಂಡರ ಕೊಡು, ತುರಕ್ಕೊಂಡ ಹೋಗತೇನಿ ಅಂದ. ಹುಡಕಿದ್ನಿ. ಹಬ್ಬಕ್ಕಂತ ಗ್ಯಾರೇಜ್ ಎಲ್ಲಾ ಬಳದ ಸ್ವಚ್ಛ ಮಾಡಿದ್ವಿ, ಎಣ್ಣಿ ಬಟ್ಟಿ ಒಂದೂ ಉಳದಿರಲಿಲ್ಲ. ಹತಾರದ ಮ್ಯಾಲ ನಮ್ಮಾಕಿ ಹೊಚ್ಚಿದ ಕುಬ್ಸದ ಖಣ ಇತ್ತು. ಹಸರ ಖಣ, ಕೆಂಪ ಅಂಚು. ಹತಾರ ಮುಟ್ಟಾಕ ಅಂಜಿದ ಮನಿಷಾ, ಅದರ ಮ್ಯಾಲಿನ ಖಣ ತಗ್ಯಾಕ ಅಂಜಲಿಲ್ಲ ನೋಡು. ತಗದು, ಮಡಚಿ, ಈ ಕೈಲೆ ಟಾಕಿ ಬಾಯಿಗಿ ತುರಕಿದ್ನಿ. ಯಲ್ಲಮ್ಮನ ಉಡಿ ಇದ್ದಂಗ, ನಿನ್ನ ಗಾಡಿಗಿ ಏನೂ ಆಗೂದಿಲ್ಲ ಹೋಗೋ ಅಂದ್ನಿ. ನಕ್ಕೊಂತ ಹ್ವಾದ.

ನಾಕ ದಿನ ಬಿಟ್ಟ ಬಂದ. ಟಾಕಿ ಬಾಯಾಗ ಖಣ ಇರಲಿಲ್ಲ. ಎಲ್ಲೋ ಗಾಳಿಗಿ ಹಾರಿ ಹೋಗೈತಿ ಅಂದ. ನಾನೂ ಹೂಂ ಅಂದು ಈ ಮುಚ್ಚಳಾ ಕೂಡ್ಸಿದ್ನಿ. ಅಷ್ಟ.

ಹೂಂ. ನೀ ಹಲಗಿ ಕಡೆ ನೋಡಾಕತ್ತೀ. ಗೊತ್ತಾತು.

...

ಆತು, ಮುಟ್ಟಿದ್ನಿ. ಎಂಟ ನಂಬರ ಪಾನಾ. ಕುಂಕುಮ ಇನ್ನೂ ಹಸೀ ಐತಿ. ನಮ್ಮಪ್ಪ ಇದ್ದಿದ್ರ ಕೈ ಕಡೀತಿದ್ದ. ಸೀಟ್ ಎತ್ತು ತಂಗಿ, ಹಂಗ ಹಿಡಕೋ. ಟಾಕಿ ಮ್ಯಾಲ ಈ ಗುಂಡಾನ ತಗಡ ಐತಲ್ಲಾ, ಎಣ್ಣಿ ಎಷ್ಟೈತಂತ ತೋರಸೂ ಕಾಟಾ ಇದರ ಬುಡಕ ಇರತೈತಿ. ಐದ ಬೋಲ್ಟ್. ಒಂದ... ಜಂಗ ಹಿಡದೈತಿ... ಎರಡ... ಆ ತಂತಿ ಕೊಡು ಇತ್ಲಾಗ, ತುದಿ ಮಣಿಸೂಣು. ಕಾಟಾ ಮ್ಯಾಲ ಬಂತು. ವಾಸನಿಗಿ ಮಾರಿ ಸರಿಸು.

ತಳಾ ಸಿಕ್ತು. ಇಲ್ಲ... ಇಲ್ಲೂ ಇಲ್ಲ... ಪೈಪಿನ ಕಡೆ... ಹಾಂ. ಹತ್ತಿತು. ಏನೋ ಮೆತ್ತಗ ಹತ್ತಿತು. ಮೆಲ್ಲಕ. ಮೆಲ್ಲಕ ಬಾರಪಾ...

ನೋಡು.

ಕರ್ರಗಾಗೈತಿ. ಅಂಚು ಮಾತ್ರ ಇನ್ನೂ ಕೆಂಪ ಕಾಣತೈತಿ. ಇದ ತಂಗಿ. ಇದ.

ಸೋಮವಾರ ನಿಮ್ಮಪ್ಪನ ಕೇಸಿನ್ಯಾಗ ಹೇಳತೇನಿ. ಕಟಕಟಿಯೊಳಗ ನಿಂತು, ಪಂಚನಾಮಾಕ್ಕ ಸಹಿ ಮಾಡಿದ ಇದ ಕೈ ಎತ್ತಿ ಹೇಳತೇನಿ, ಪರಪ್ಪ ಹೇಳಿದ್ದು ಖರೇ ಅಂತ. ಈ ಖಣ ನೀನ ಇಟಗೋ. ನನ್ನ ಕಡೆ ಬಿಡಬ್ಯಾಡ. ಸೋಮವಾರತನಾ ಮೂರ ರಾತ್ರಿ ಅದಾವು, ನಾ ಇದನ್ನ ಸುಟ್ಟರ ಸುಟ್ಟೇನು. ನನಗ ನನ್ನ ಮ್ಯಾಲ ಭರೋಸಾ ಇಲ್ಲ. ನಾಳೆ ಬನ್ನಿ ತಗೊಂಡ ನಿಮ್ಮ ಮನಿಗಿ ಬರಲೇನು? ಬನ್ನಿ ತಗೊಂಡ ಬಂಗಾರದಂಗ ಇರೂಣು ಅಂತ ನಿಮ್ಮಪ್ಪನ ಕಾಲ... ಬ್ಯಾಡಾ? ಆತು, ಬ್ಯಾಡ. ಯಾವ ಮಾರಿ ಇಟಗೊಂಡ ಬರಲಿ ನಾನರ.

ಆದ್ರ ಒಂದ ತಿಳಕೋ ತಂಗಿ. ನಾ ಬೇಕಂತ ಮಾಡಿದ್ದಲ್ಲ. ಖಣ ಒಳಗ ಬಿದ್ದದ್ದು ನನಗ ಗೊತ್ತಿರಲಿಲ್ಲ. ಗೊತ್ತಿದ್ರ ಬಿಡತಿದ್ನೇನು? ಸವದತ್ತಿ ಯಲ್ಲಮ್ಮನ ಆಣಿ, ನನಗ ಗೊತ್ತ...

ಏನ ನೋಡತೀ? ಅದಾ? ಅದು ಬ್ಯಾಟರಿ. ಕತ್ತಲಾಗ ಇಂಜಿನ್ನಿನ್ಯಾಗ ಹಾಕಿ ನೋಡಾಕ ಬೇಕಾಗತೈತಿ, ಮಿಸ್ತ್ರಿ ಅಂದಮ್ಯಾಲ. ಯಾವಾಗಲೂ ಅಲ್ಲೇ ಮೊಳಿಗಿ ಇರತೈತಿ. ಹೂಂ, ಮೂರ ವರ್ಷದ ಹಿಂದನೂ ಇತ್ತು. ಯಾಕ?

ಏನ ಕೇಳಬೇಕಂತೀ ಕೇಳ್ಬಿಡು. ಬಾಯಿ ಬಿಟ್ಟ ಕೇಳು.

...

ಹಂಗ ನೋಡಬ್ಯಾಡ ತಂಗಿ.

...

ಹಾಕಿದ್ನಿ. ಬ್ಯಾಟರಿ ಹಾಕಿ ನೋಡಿದ್ನಿ. ಮುಚ್ಚಳಾ ಕೂಡ್ಸೂಕ್ಕಿಂತ ಮೊದಲ, ಬಾಯಿಗಿ ಕಣ್ಣ ಹಚ್ಚಿ. ತಳದಾಗ ಹಸರಗ ಕಂಡಿತ್ತು. ನಿಮ್ಮಪ್ಪ ಅಲ್ಲೆ ಬಾಗಲದಾಗ ಚಾ ಕುಡ್ಯಾಕತ್ತಿದ್ದ. ಹೊರಗ ನಾಕ ಟ್ರ್ಯಾಕ್ಟರ್ ನಿಂತಿದ್ವು, ಎಲ್ಲಾರೂ ನಂದ ಮೊದಲ ನಂದ ಮೊದಲ ಅಂತಿದ್ರು. ಟಾಕಿ ಕೆಲಸಾ ಅಂದ್ರ ಅರ್ಧಾ ದಿನಾ ಹೋಗತೈತಿ, ಮುಂದಿನ ಸಲ ಬಂದಾಗ ತಗದ್ರಾತು ಅಂದ್ಕೊಂಡು ಮುಚ್ಚಳಾ ತಿರುವಿ ಬಿಟ್ನಿ. ಆಮ್ಯಾಲ ಎರಡ ಸಲ ಬಂದಾಗ ಹೇಳಾಕ ನಾಚಿಕಿ ಬಂತು. ಮೊದಲ ಯಾಕ ಹೇಳಲಿಲ್ಲ ಅಂತಾನಲ್ಲಾ ಅಂತ. ಡೀಸೆಲ್ ಕಲಬೆರಕಿ ಐತೋ ಅಂದ ಕಳಿಸಿದ್ನಿ.

ಅರ್ಧಾ ದಿನದ ಕೆಲಸ ಅಂತ ಬಿಟ್ನವಾ. ಖರೇನ, ಅದ ಕಾರಣಕ್ಕ. ಅರ್ಧಾ ದಿನ...

ಯಾಕ, ಗೋಡಿ ಗಡಿಯಾರ ಯಾಕ ನೋಡತೀ?

...

ಹೂಂ. ನಾನೂ ನೋಡಿದ್ನಿ. ಪಾನಾ ಎತ್ತಿದಾಗ ನಾಕ ಹೊಡದಿತ್ತು, ಖಣ ಹೊರಗ ಬಂದಾಗ ನಾಕ ಹತ್ತು.

ಹತ್ತು ಮಿನಿಟ್.